ಹಳೇ ಕನ್ನಡ ಪುಸ್ತಕ ನೆಟ್‌ನಲ್ಲಿ ಪುಕ್ಕಟೆ ಓದೋದು ಹೇಗೆ? ಗೊತ್ತಿದ್ದವರು ಹೇಳಿ

ಶಿಡ್ಲಘಟ್ಟದಿಂದ ಪ್ರಶ್ನೆ: ಕಾಪಿರೈಟ್ ಹಕ್ಕು ಮುಗಿದ ಕನ್ನಡ ಪುಸ್ತಕಗಳು ಬೇಕಿತ್ತು, ನಮ್ಮ ಕಡೆಯ ಶಾಸನಗಳೂ ಬೇಕು. ಹಳೇ ಪುಸ್ತಕಗಳ ಸ್ಕ್ಯಾನ್ ಪುಕ್ಕಟೆ ಸಿಗೋ ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಕನ್ನಡದಲ್ಲಿ ಟೈಪ್ ಮಾಡಿದರೆ ಹೆಚ್ಚೇನೂ ಬರ್ತಿಲ್ಲ.

ತುಮಕೂರು: ಬರೋದು ಕಷ್ಟಾನೇ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅನ್ನೋ ಸ್ಕ್ಯಾನ್ ಯೋಜನೆಯಿಂದ ಅಲ್ಲಿಗೆ ಹೋದ ಪುಸ್ತಕಗಳ ಹೆಸರು ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿವೆ, ಸ್ಪೆಲ್ಲಿಂಗ್ ಮನಸ್ಸಿಗೆ ಬಂದ ಹಾಗೆ. ಪೂರ್ತಿ ಹೆಸರು ಹಾಕಬೇಡಿ, ಒಂದೇ ಪದ ಹಾಕಿ. ‘ಭಾರತ’ ಅಂದ್ರೆ ಕೊನೆಗೆ ಬರೀ ಟಿ ಒಂದ್ಸಲ, ಟಿ-ಎಚ್ ಒಂದ್ಸಲ; ದೀರ್ಘಕ್ಕೆ ಒಂದು ಎ, ಆಮೇಲೆ ಎರಡು ಎ. ಪಕ್ಕದ ಪಟ್ಟಿಯಲ್ಲಿ ಭಾಷೆ ಕನ್ನಡ ಅಂತ ಆರಿಸಿ. ಒಂದೇ ಪುಸ್ತಕ ಎರಡು ಮೂರು ಕಡೆ ಇರುತ್ತೆ. ಒಂದರಲ್ಲಿ ಪುಟ ಹಾರಿದ್ದರೆ ಇನ್ನೊಂದರಲ್ಲಿ ನೋಡಿ.

ಮಾಲೂರು: ಅಲ್ಲಿ ಇದೆ ಅಂದ ಮಾತ್ರಕ್ಕೆ ಹಕ್ಕು ಮುಗಿದಿದೆ ಅಂತಲ್ಲ. ನಮ್ಮಲ್ಲಿ ಲೆಕ್ಕ ಹೀಗೆ: ಲೇಖಕರು ತೀರಿಕೊಂಡ ಮುಂದಿನ ಜನವರಿ 1ರಿಂದ 60 ವರ್ಷ. ಗೋವಿಂದ ಪೈ 1963ರಲ್ಲಿ ಹೋದರು, 2024ರಿಂದ ಮುಕ್ತ. ನಮ್ಮ ಜಿಲ್ಲೆಯವರೇ ಆದ ಡಿವಿಜಿ (1975) 2036ಕ್ಕೆ, ಮಾಸ್ತಿ (1986) 2047ಕ್ಕೆ. ಲೇಖಕರು ಹೋದ ಮೇಲೆ ಮೊದಲು ಅಚ್ಚಾದ ಪುಸ್ತಕಕ್ಕೆ ಅಚ್ಚಾದ ವರ್ಷದಿಂದ ಎಣಿಕೆ. ಕುಮಾರವ್ಯಾಸನ ಪದ್ಯ ಎಲ್ಲರದ್ದು. ಅದಕ್ಕೆ ಈಚೆಗೆ ಬರೆದ ಟಿಪ್ಪಣಿ, ಗದ್ಯಾನುವಾದ ಬರೆದವರದ್ದು.

ಚಿಂತಾಮಣಿ: ಶಾಸನಕ್ಕೆ ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾ, ಕೋಲಾರ ಜಿಲ್ಲೆಯ 10ನೇ ಸಂಪುಟ, 1905. ಚಿಕ್ಕಬಳ್ಳಾಪುರ ಅಂತ ಹುಡುಕಿದ್ರೆ ಸಂಪುಟವೇ ಸಿಗಲ್ಲ. ಜಿಲ್ಲೆ ಆಗಿದ್ದು 2007ರಲ್ಲಿ, ಅಲ್ಲೀವರೆಗೂ ಕೋಲಾರವೇ. ತುಮಕೂರಿನವರಿಗೆ 12ನೇದು. ಒಳಗೆ ತಾಲ್ಲೂಕು ತಾಲ್ಲೂಕಿಗೆ ನಂಬರ್ ಮತ್ತೆ 1ರಿಂದ ಶುರು. ಇಂಗ್ಲಿಷ್ ಅನುವಾದ ಒಂದು ಕಡೆ, ರೋಮನ್ ಅಕ್ಷರದ ಪಾಠ ಒಂದು ಕಡೆ, ಕನ್ನಡ ಪಾಠ ಇನ್ನೊಂದು ಕಡೆ. ಹಾಗಾಗಿ ತಾಲ್ಲೂಕು, ನಂಬರ್ ಎರಡನ್ನೂ ಬರೆದಿಟ್ಟುಕೊಂಡು ಪುಟ ತಿರುಗಿಸಿ. ಗೌರಿಬಿದನೂರು ಅಲ್ಲಿ ‘ಗೋರಿಬಿದ್‌ನೂರ್’!

ತಿಪಟೂರು: ಇಳಿಸಿಕೊಳ್ಳುವಾಗ ಪಿಡಿಎಫ್ ತಗೊಳ್ಳಿ, ಇಪಬ್ (ಇ-ಪುಸ್ತಕದ ಫೈಲ್) ಬೇಡ. ಇಪಬ್ ಅಂದ್ರೆ ಸ್ಕ್ಯಾನ್ ಪುಟವನ್ನ ಯಂತ್ರ ಓದಿ ಮಾಡಿದ್ದು. ಹಳೇ ಅಚ್ಚಿನ ಒತ್ತಕ್ಷರ ಅದಕ್ಕೆ ದಕ್ಕಲ್ಲ, ಸಾಲು ಸಾಲೇ ಕಲಸುಮೇಲೋಗರ. ಒಂದು ಪದ ಎಲ್ಲಿ ಬಂದಿದೆ ಅಂತ ಹುಡುಕೋಕೆ ಪುಸ್ತಕಗಳನ್ನ ಟೈಪ್ ಮಾಡಿ ಹಾಕಿರೋ ಕನ್ನಡ ವಿಕಿಸೋರ್ಸ್ ತಾಣ ವಾಸಿ, ಅಲ್ಲಿ ಕನ್ನಡದಲ್ಲೇ ಟೈಪ್ ಮಾಡಬಹುದು. ವಚನಗಳಿಗಾದ್ರೆ ವಚನ ಸಂಚಯ ಅನ್ನೋ ತಾಣ.