ಹಿತ್ತಲಲ್ಲಿ ಮೀನು, ಮೀನಿನ ನೀರಲ್ಲಿ ತರಕಾರಿ: ಮಾಡಿದವರ ಅನುಭವ ಬೇಕು

ಪ್ರಶ್ನೆ, ತಿಪಟೂರಿನಿಂದ

ನಾನು ನಿವೃತ್ತ ಶಿಕ್ಷಕಿ. ಮನೆಯ ಹಿಂದೆ ಇಪ್ಪತ್ತು ಅಡಿಗೆ ಹದಿನೈದು ಅಡಿ ಹಿತ್ತಲಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ತೆಂಗಿನ ಮರಗಳ ನೆರಳು. ಅಲ್ಲಿ ಸಾವಿರ ಲೀಟರಿನ ತೊಟ್ಟಿಯಲ್ಲಿ ಮೀನು ಸಾಕಿ, ಆ ನೀರನ್ನು ಜಲ್ಲಿ ತುಂಬಿದ ಮಡಿಗೆ ಹಾಯಿಸಿ ಸೊಪ್ಪು, ಬದನೆ, ಮೆಣಸಿನಕಾಯಿ ಬೆಳೆಯಬೇಕು, ನೀರು ತಿರುಗಿ ತೊಟ್ಟಿಗೇ ಬರಬೇಕು ಎಂಬ ಆಸೆ. ಮಾರುವ ಉದ್ದೇಶವಿಲ್ಲ. ಮಗ, ಸೊಸೆ ಮೀನು ತಿನ್ನುತ್ತಾರೆ, ನಾವಿಬ್ಬರು ತಿನ್ನುವುದಿಲ್ಲ. ನಮ್ಮದು ಬೋರ್‌ವೆಲ್ ನೀರು, ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಬೇಸಿಗೆಯಲ್ಲಿ ಕರೆಂಟು ಕೈಕೊಡುತ್ತದೆ. ಇಂಥ ಕಡೆ ಅಕ್ವಾಪೋನಿಕ್ಸ್ ನಡೆಯುತ್ತದೆಯೇ? ಯಾವ ಮೀನು, ಎಷ್ಟು ಮೀನು? ಮೊದಲು ಮಾಡಬೇಕಾದದ್ದೇನು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ರಸಾಯನಶಾಸ್ತ್ರದ ಅಧ್ಯಾಪಕ

ಮೇಡಂ, ಮೀನನ್ನು ಎಲ್ಲಕ್ಕಿಂತ ಕೊನೆಗೆ ತನ್ನಿ. ತೊಟ್ಟಿ, ಪೈಪು, ಜಲ್ಲಿ ಎಲ್ಲ ಜೋಡಿಸಿದ ದಿನವೇ ಮರಿ ಬಿಡುವ ಆತುರದಿಂದಲೇ ಹೆಚ್ಚಿನ ತೊಟ್ಟಿಗಳು ಮೊದಲ ತಿಂಗಳಲ್ಲಿ ಖಾಲಿಯಾಗುತ್ತವೆ.

ಮೀನಿನ ಕಿವಿರಿನಿಂದ ಅಮೋನಿಯಾ ಹೊರಬರುತ್ತದೆ. ಅದು ಮೀನಿಗೆ ವಿಷ. ಜಲ್ಲಿಯ ಮೇಲೆ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ನೈಟ್ರೇಟ್ ಗಿಡಗಳ ಊಟ, ಮೀನಿಗೂ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಎರಡೂ ಜೀವಿಗಳು ಜಲ್ಲಿಯಲ್ಲಿ ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಚಳಿಗಾಲದಲ್ಲಿ ಇನ್ನೂ ಹೆಚ್ಚು.

ಮೀನಿಲ್ಲದೆ ಇದನ್ನು ಮಾಡುವುದು ಸುಲಭ. ಪಾತ್ರೆಗೆ ಕಲಾಯಿ ಹಾಕಲು ಬಳಸುವ ನವಸಾಗರ ಗೊತ್ತಿದೆಯಲ್ಲ, ಅದು ಅಮೋನಿಯಂ ಕ್ಲೋರೈಡ್. ಶುದ್ಧವಾದದ್ದು ಸಿಕ್ಕರೆ ಸಾವಿರ ಲೀಟರಿಗೆ ಎಂಟು ಗ್ರಾಂ ಕರಗಿಸಿ ಹಾಕಿ. ಲೀಟರಿಗೆ ಸುಮಾರು ಎರಡು ಮಿಲಿಗ್ರಾಂ ಅಮೋನಿಯಾ ಸಾರಜನಕ ಸಿಗುತ್ತದೆ, ಅಷ್ಟು ಸಾಕು. ಪರಿಚಯದವರ ಮನೆಯಲ್ಲಿ ಹಳೆಯ ಅಕ್ವೇರಿಯಂ ಇದ್ದರೆ ಅದರ ಫಿಲ್ಟರಿನ ಸ್ಪಂಜನ್ನು ನಿಮ್ಮ ತೊಟ್ಟಿಯಲ್ಲಿ ಹಿಂಡಿ, ಬ್ಯಾಕ್ಟೀರಿಯಾದ ಹೆಪ್ಪು ಅಲ್ಲೇ ಸಿಗುತ್ತದೆ. ಪಂಪ್ ಹಗಲು ರಾತ್ರಿ ಓಡಲಿ. ಅಕ್ವೇರಿಯಂ ಅಂಗಡಿಯಲ್ಲಿ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಕೊಳ್ಳಿ. ಇದರಲ್ಲಿ ಉಳಿತಾಯ ಬೇಡ. ಅಮೋನಿಯಾ ಹಾಕಿದ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದರೆ ನಿಮ್ಮ ತೊಟ್ಟಿ ಮೀನಿಗೆ ಸಿದ್ಧ.

ಇನ್ನೊಂದು ಮಾತು ನಿಮ್ಮ ನೀರಿನ ಬಗ್ಗೆ. ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವುದು ಗಡಸು ನೀರು, ಅದರ ಪಿಎಚ್ (ಹುಳಿ, ಕ್ಷಾರದ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಸಾಮಾನ್ಯವಾಗಿ ಹೆಚ್ಚು. ಪಿಎಚ್ 8 ಇರುವ ನೀರಿನಲ್ಲಿ ಅಮೋನಿಯಾದ ವಿಷಕಾರಿ ಪಾಲು ಪಿಎಚ್ 7 ಇರುವ ನೀರಿಗಿಂತ ಹತ್ತಿರಹತ್ತಿರ ಹತ್ತು ಪಟ್ಟು. ಗಡಸು ನೀರಿನವರು ಆಹಾರ ಹಾಕುವಾಗ ಅದಕ್ಕೆ ತಕ್ಕಷ್ಟು ಕೈ ಬಿಗಿಹಿಡಿಯಬೇಕು.

ಅರಸೀಕೆರೆಯಿಂದ, ನರ್ಸರಿ ನಡೆಸುವವರು

ಅಕ್ಕ, ನೀವು ನಮ್ಮ ಪಕ್ಕದವರೇ, ನಿಮ್ಮ ನೀರೇ ನಮ್ಮ ನೀರು. ನಡೆಯುತ್ತದೆ, ಧೈರ್ಯವಾಗಿ ಮಾಡಿ. ಆದರೆ ಮೀನಿಗಿಂತ ಮೊದಲು ಗಿಡ ದೂರು ಹೇಳುತ್ತದೆ ಎಂದು ತಿಳಿದಿರಿ. ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಮೀನಿನ ಆಹಾರದಲ್ಲಿ ಕಬ್ಬಿಣ ಕಡಿಮೆ, ಇದ್ದದ್ದೂ ಗಡಸು ನೀರಿನಲ್ಲಿ ಗಿಡಕ್ಕೆ ಸಿಗುವುದಿಲ್ಲ. ತೋಟಕ್ಕೆ ಹಾಕುವ ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಇಲ್ಲಿ ಹಾಕಿ ಪ್ರಯೋಜನವಿಲ್ಲ, ತುಕ್ಕಾಗಿ ತಳ ಸೇರುತ್ತದೆ. ಚೀಲೇಟೆಡ್ ಕಬ್ಬಿಣ, ಅಂದರೆ ನೀರಿನಲ್ಲಿ ಕರಗಿಯೇ ಉಳಿಯುವಂತೆ ಮಾಡಿದ ಕಬ್ಬಿಣ ಬೇಕು, ಅದರಲ್ಲೂ ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದು ಬರೆದಿರುವುದು. ಇಡಿಟಿಎ ಎಂಬುದು ಅಗ್ಗ, ಆದರೆ ನಮ್ಮ ಪಿಎಚ್‌ನಲ್ಲಿ ನಿಲ್ಲುವುದಿಲ್ಲ. ಮೂರು ವಾರಕ್ಕೊಮ್ಮೆ ಲೀಟರಿಗೆ ಎರಡು ಮಿಲಿಗ್ರಾಂ ಕಬ್ಬಿಣ ಸೇರುವಷ್ಟು ಹಾಕಿದರೆ ಸಾಕು. ನೀರು ಕೆಂಪಾಗುತ್ತದೆ, ಹೆದರಬೇಡಿ, ಮೀನಿಗೆ ಏನೂ ಆಗುವುದಿಲ್ಲ.

ಪಿಎಚ್ ಇಳಿಸಲು ಹೋಗಿ ತೊಟ್ಟಿಗೆ ನಿಂಬೆ ಹುಳಿ, ಸಿಟ್ರಿಕ್ ಆಮ್ಲ ಸುರಿಯಬೇಡಿ, ಬ್ಯಾಕ್ಟೀರಿಯಾಕ್ಕೆ ಅದು ಆಗಿಬರುವುದಿಲ್ಲ. ಆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತ ಮಾಡುತ್ತ ತಾನಾಗಿಯೇ ಪಿಎಚ್ ಇಳಿಸುತ್ತದೆ. ನೀವು ದಿನವೂ ಬೋರ್‌ವೆಲ್ ನೀರನ್ನೇ ತುಂಬಿಸುತ್ತಿದ್ದರೆ ಅದು ಮತ್ತೆ ಮೇಲೇರುತ್ತದೆ. ಅದಕ್ಕೇ ಹೇಳುವುದು, ಮನೆಯ ಮಾಳಿಗೆಯ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟು ಆವಿಯಾದಷ್ಟನ್ನು ಅದರಿಂದ ತುಂಬಿಸಿ. ಇಡೀ ವ್ಯವಸ್ಥೆ 6.8ರಿಂದ 7.2ರೊಳಗೆ ನಿಂತರೆ ಮೀನು, ಗಿಡ, ಬ್ಯಾಕ್ಟೀರಿಯಾ ಮೂರೂ ಒಪ್ಪಿಕೊಳ್ಳುತ್ತವೆ. ನಮ್ಮ ಸೀಮೆಯಲ್ಲಿ 7.5ರಲ್ಲಿ ನಿಂತರೂ ಸೊಪ್ಪು ಚೆನ್ನಾಗಿಯೇ ಬರುತ್ತದೆ.

ಜಲ್ಲಿ ಕೊಳ್ಳುವ ಮುನ್ನ ಒಂದು ಹಿಡಿ ತಂದು ಮೇಲೆ ವಿನಿಗರ್ ಹಾಕಿ ನೋಡಿ. ನೊರೆ ಬಂದರೆ ಸುಣ್ಣದ ಕಲ್ಲು, ಬೇಡ. ಗ್ರಾನೈಟ್ ಜಲ್ಲಿ, ಅರ್ಧ ಇಂಚಿನಿಂದ ಮುಕ್ಕಾಲು ಇಂಚು, ಒಂದು ಅಡಿ ಆಳ. ಧೂಳು ಹೋಗುವ ತನಕ ತೊಳೆಯಿರಿ. ಸಿಮೆಂಟ್ ತೊಟ್ಟಿ ಕಟ್ಟಿಸುವುದಾದರೆ ಹೊಸ ಸಿಮೆಂಟು ಸುಣ್ಣ ಬಿಡುತ್ತದೆ. ಬಾಳೆದಿಂಡು ಕತ್ತರಿಸಿ ಹಾಕಿ ನೀರು ನಿಲ್ಲಿಸಿ, ಕೊಳೆತ ಮೇಲೆ ಚೆಲ್ಲಿ, ಹೀಗೆ ಎರಡು ಮೂರು ಸಲ ತೊಳೆದು ಪಿಎಚ್ ನೋಡಿಯೇ ಮುಂದುವರಿಯಿರಿ. ಮೂರು ಚದರ ಮೀಟರ್ ಮಡಿಗೆ ಜಲ್ಲಿಯ ತೂಕವೇ ಒಂದೂವರೆ ಟನ್ನಿನ ಹತ್ತಿರ ಬರುತ್ತದೆ, ನೀರು ಬೇರೆ. ನೆಲದ ಮೇಲಿರುವುದರಿಂದ ನಿಮಗೆ ಚಿಂತೆಯಿಲ್ಲ, ಆದರೆ ಕಬ್ಬಿಣದ ಸ್ಟ್ಯಾಂಡಿನ ಬದಲು ಸಿಮೆಂಟ್ ಇಟ್ಟಿಗೆಯ ಮೇಲೆ ಕೂರಿಸಿ. ಮಾಳಿಗೆಯ ಮೇಲೆ ಇದನ್ನೇ ಮಾಡಲು ಹೊರಟವರು ಎಂಜಿನಿಯರನ್ನು ಕೇಳದೆ ಕೈಹಾಕಬಾರದು.

ಹುಳಕ್ಕೆ ಔಷಧ ಹೊಡೆಯುವಂತಿಲ್ಲ. ಬೇವಿನ ಎಣ್ಣೆಯೂ ಸೋಪಿನ ನೀರೂ ಮೀನಿಗೆ ಅಪಾಯವೇ. ಬಿಳಿನೊಣ, ಸಸ್ಯಹೇನು ಬಂದರೆ ಬರಿಯ ನೀರನ್ನು ಎಲೆಯ ಅಡಿಗೆ ರಭಸವಾಗಿ ಹೊಡೆಯಿರಿ, ಹೆಚ್ಚಾದರೆ ಆ ಗಿಡವನ್ನೇ ಕಿತ್ತು ಬಿಸಾಡಿ.

ಮಂಗಳೂರಿನಿಂದ, ಮೀನುಗಾರಿಕೆ ಓದಿದವರು

ಮೇಡಂ, ಸಾವಿರ ಲೀಟರಿಗೆ ಬೆಳೆದ ಮೀನು ಹತ್ತು ಕಿಲೋ ಮೀರದಿರಲಿ. ಇಪ್ಪತ್ತು ಕಿಲೋ ಸಾಕುವವರಿದ್ದಾರೆ, ಅದು ಕರೆಂಟು ಹೋಗದ ಊರಿನವರ ಲೆಕ್ಕ. ಲೆಕ್ಕವನ್ನು ಮೀನಿನ ಸಂಖ್ಯೆಯಿಂದ ಹಿಡಿಯುವುದಕ್ಕಿಂತ ಆಹಾರದಿಂದ ಹಿಡಿಯುವುದು ಸರಿ. ಸೊಪ್ಪಿನ ಮಡಿಗೆ ಪ್ರತಿ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ, ಟೊಮೆಟೊ, ಬದನೆಯಂಥ ಕಾಯಿ ಬಿಡುವ ಗಿಡಕ್ಕೆ 50ರಿಂದ 80 ಗ್ರಾಂ ಮೀನಿನ ಆಹಾರ ತೊಟ್ಟಿಗೆ ಬೀಳಬೇಕು ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಹೊರತಂದ ಕೈಪಿಡಿಯ ಸೂತ್ರ. ಹತ್ತು ಕಿಲೋ ಮೀನು ತನ್ನ ತೂಕದ ಶೇಕಡಾ ಒಂದೂವರೆಯಷ್ಟು ತಿಂದರೆ ದಿನಕ್ಕೆ 150 ಗ್ರಾಂ. ಅಂದರೆ ಮೂರು ಚದರ ಮೀಟರ್ ಸೊಪ್ಪು. ಮರಿಗಳು ಚಿಕ್ಕವಿರುವಾಗ ಹತ್ತಿಪ್ಪತ್ತು ಗ್ರಾಂ ತಿನ್ನುತ್ತವಷ್ಟೆ, ಆಗ ಇಡೀ ಮಡಿ ತುಂಬ ಗಿಡ ನೆಟ್ಟರೆ ಅವು ಸೊರಗುತ್ತವೆ. ಮಡಿಯ ಒಂದು ಮೂಲೆಯಿಂದ ಶುರುಮಾಡಿ, ಮೀನು ಬೆಳೆದಂತೆ ಗಿಡ ಹೆಚ್ಚಿಸಿ.

ಯಾವ ಮೀನು ಎಂಬುದಕ್ಕೆ: ಎಲ್ಲರೂ ತಿಲಾಪಿಯಾ, ಅಂದರೆ ಜಿಲೇಬಿ ಮೀನು ಎನ್ನುತ್ತಾರೆ. ಗಟ್ಟಿ ಮೀನು ನಿಜ, ಆದರೆ ಅದನ್ನು ಸಾಕಲು ನಮ್ಮ ದೇಶದಲ್ಲಿ ಅನುಮತಿಯ ನಿಯಮಗಳಿವೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸದೆ ತರಬೇಡಿ, ತಂದದ್ದನ್ನು ಕೆರೆಗೆ ಎಂದೂ ಬಿಡಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್ ನಿಷೇಧಿತ, ಯಾರಾದರೂ ಮಾರಲು ಬಂದರೂ ಬೇಡ. ಕಾಟ್ಲಾ, ರೋಹು ಕೆರೆಯ ಮೀನುಗಳು, ಸಾವಿರ ಲೀಟರಿನಲ್ಲಿ ಅವಕ್ಕೆ ಉಸಿರು ಕಟ್ಟುತ್ತದೆ. ನಿಮ್ಮ ಊರಿಗೆ ಸಾಮಾನ್ಯ ಗೆಂಡೆ ಒಪ್ಪುತ್ತದೆ, ಡಿಸೆಂಬರಿನ ಚಳಿಯನ್ನೂ ತಡೆಯುತ್ತದೆ. ಮರಿಗಳಿಗೆ ಇಲಾಖೆಯ ಮೀನುಮರಿ ಕೇಂದ್ರಗಳಿವೆ, ಭದ್ರಾ ಅಣೆಕಟ್ಟೆಯ ಬಿ.ಆರ್. ಪ್ರಾಜೆಕ್ಟಿನದು ಹಳೆಯದು. ಮಳೆಗಾಲದಲ್ಲಿ ಮರಿ ಸುಲಭವಾಗಿ ಸಿಗುತ್ತದೆ.

ಮನೆಯಲ್ಲಿ ಇಬ್ಬರು ಮೀನು ತಿನ್ನುವುದಿಲ್ಲ ಎಂದಿರಿ. ಹಾಗಿದ್ದರೆ ಕೋಯಿ ಗೆಂಡೆ ಅಥವಾ ಗೋಲ್ಡ್‌ಫಿಶ್ ಏಕೆ ಬೇಡ? ಗಿಡಕ್ಕೆ ಬೇಕಾದ ಗೊಬ್ಬರ ಅವೂ ಧಾರಾಳವಾಗಿ ಕೊಡುತ್ತವೆ, ಹಿಡಿದು ಕೊಲ್ಲುವ ಪ್ರಶ್ನೆಯೇ ಇಲ್ಲ. ಸಸ್ಯಾಹಾರಿ ಮನೆಗಳಿಗೆ ನಾನು ಇದನ್ನೇ ಹೇಳುತ್ತೇನೆ.

ಆಹಾರ ಮಾತ್ರ ತೇಲುವ ಗುಳಿಗೆಯೇ ಆಗಬೇಕು. ಕೆರೆಗೆ ಹಾಕುವ ಕಡಲೆಹಿಂಡಿ, ತೌಡು ಇಲ್ಲಿ ಕರಗಿ ನೀರು ಕೆಡಿಸುತ್ತವೆ. ಹದಿನೈದು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಿ, ಉಳಿದದ್ದನ್ನು ಬಲೆಯಿಂದ ತೆಗೆಯಿರಿ. ನೈಟ್ರೈಟ್ ಏರಿದ್ದು ಕಂಡರೆ ಆಹಾರ ನಿಲ್ಲಿಸಿ, ಸ್ವಲ್ಪ ನೀರು ಬದಲಿಸಿ, ಲೀಟರಿಗೆ ಒಂದು ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ. ಉಪ್ಪಿನ ಕ್ಲೋರೈಡ್ ಇರುವಾಗ ನೈಟ್ರೈಟ್ ಕಿವಿರಿನೊಳಗೆ ಅಷ್ಟಾಗಿ ನುಗ್ಗುವುದಿಲ್ಲ. ಇದನ್ನು ಮತ್ತೆಮತ್ತೆ ಮಾಡಿದರೆ ಗಿಡ ಸಾಯುತ್ತದೆ, ನೆನಪಿರಲಿ.

ಸಾಗರದಿಂದ

ನಮ್ಮ ಕಡೆಯ ಕಷ್ಟ ಇದಕ್ಕೆ ಉಲ್ಟಾ, ಮಲೆನಾಡಿನವರು ಓದುತ್ತಿದ್ದರೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಮೆದು ನೀರು, ಮೇಲಿಂದ ಮಳೆ. ಪಿಎಚ್ ಸದ್ದಿಲ್ಲದೆ 6ಕ್ಕಿಂತ ಕೆಳಗೆ ಇಳಿದು ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ, ಅಮೋನಿಯಾ ಏರತೊಡಗುತ್ತದೆ. ಕರಾವಳಿಯಿಂದ ತಂದ ಚಿಪ್ಪನ್ನು ತೊಳೆದು ಬಲೆಯ ಚೀಲದಲ್ಲಿ ಕಟ್ಟಿ ನೀರು ಬೀಳುವಲ್ಲಿ ಇಳಿಬಿಟ್ಟಿದ್ದೇನೆ. ನೀರು ಹುಳಿಯಾದಂತೆ ಚಿಪ್ಪು ಕರಗಿ ಸರಿದೂಗಿಸುತ್ತದೆ. ಮಳೆಗಾಲಕ್ಕೆ ಮಡಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು. ತೊಟ್ಟಿಯ ಮೇಲೆ ಬಲೆ ಹಾಕಿ, ಮಿಂಚುಳ್ಳಿ ಒಮ್ಮೆ ದಾರಿ ಕಂಡುಕೊಂಡರೆ ದಿನವೂ ಬರುತ್ತದೆ. ಒಂದೆಲಗ, ಕೆಸು, ಹೊನಗೊನ್ನೆ, ಬಸಳೆ ಈ ಮಡಿಯಲ್ಲಿ ಬರುವಷ್ಟು ಸೊಗಸಾಗಿ ನೆಲದಲ್ಲೂ ಬರುವುದಿಲ್ಲ. ಅಂಗಡಿಯ ಲೆಟ್ಯೂಸ್ ಬೀಜಕ್ಕೆ ಹೋಗುವ ಮುನ್ನ ಇವನ್ನು ನೆಟ್ಟು ನೋಡಿ.

ಚಿತ್ರದುರ್ಗ ಜಿಲ್ಲೆಯಿಂದ, ರೈತ

ಅಮ್ಮಾ, ಎಲ್ಲರೂ ಒಳ್ಳೆಯದನ್ನೇ ಹೇಳಿದ್ದಾರೆ, ನನ್ನದು ಬೇರೆ ಮಾತು. ನಿಮ್ಮ ಹಿತ್ತಲಲ್ಲಿ ಒಳ್ಳೆಯ ಮಣ್ಣಿದೆಯೇ? ಇದ್ದರೆ ಜಲ್ಲಿ, ಮಡಿಯ ನೀರನ್ನು ಆಗಾಗ ತಾನಾಗಿ ಇಳಿಸುವ ಸೈಫನ್ ಕೊಳವೆ, ಕಬ್ಬಿಣದ ಪೊಟ್ಟಣ ಇವೆಲ್ಲ ಏಕೆ? ತೊಟ್ಟಿಯಲ್ಲಿ ಮೀನು ಸಾಕಿ, ದಿನವೂ ತೊಟ್ಟಿಯ ಹತ್ತನೇ ಒಂದು ಪಾಲು ನೀರನ್ನು ತಳದಿಂದ ತೆಗೆದು ಮಣ್ಣಿನ ಮಡಿಗೆ ಹಾಯಿಸಿ, ಅಷ್ಟೇ ಹೊಸ ನೀರು ತುಂಬಿಸಿ. ಕೃಷಿಹೊಂಡದಲ್ಲಿ ಮೀನು ಬಿಟ್ಟ ನಾವು ಮಾಡುವುದು ಇದನ್ನೇ. ಗಡಸು ನೀರಿನ ಗಿಡದ ಸಮಸ್ಯೆಯನ್ನು ಮಣ್ಣು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಟೊಮೆಟೊ, ಬದನೆಗಂತೂ ಮಣ್ಣೇ ಮೇಲು. ನೀರು ತಿರುಗಿ ತೊಟ್ಟಿಗೆ ಬರುವ ಪದ್ಧತಿ ಬೇಕಾಗುವುದು ನೀರಿಗೆ ತೀರಾ ಬರ ಇರುವವರಿಗೆ, ಮಣ್ಣಿಲ್ಲದವರಿಗೆ.

ಅರಸೀಕೆರೆಯವರಿಂದ ಮತ್ತೆ

ಅಣ್ಣ ಹೇಳಿದ್ದರಲ್ಲಿ ಹುರುಳಿದೆ. ಆದರೆ ದಿನಕ್ಕೆ ನೂರು ಲೀಟರ್ ಎಂದರೆ ಏಪ್ರಿಲ್‌ನಲ್ಲಿ ನಮ್ಮ ಕಡೆ ಅದು ಚಿಕ್ಕ ಮಾತಲ್ಲ, ಬೋರ್‌ವೆಲ್‌ಗಳು ನಿಟ್ಟುಸಿರು ಬಿಡುವ ಕಾಲ. ಸುತ್ತಿ ಬರುವ ಪದ್ಧತಿಯಲ್ಲಿ ಆವಿಯಾದದ್ದನ್ನು, ಗಿಡ ಕುಡಿದದ್ದನ್ನು ತುಂಬಿಸಿದರೆ ಮುಗಿಯಿತು. ಅಕ್ಕ, ಎರಡನ್ನೂ ಇಟ್ಟುಕೊಳ್ಳಿ: ಸೊಪ್ಪಿಗೆ ಜಲ್ಲಿ ಮಡಿ, ತಳದಲ್ಲಿ ಕೂತ ಗಸಿಯನ್ನು ವಾರಕ್ಕೊಮ್ಮೆ ತೆಗೆದು ಮಣ್ಣಿನಲ್ಲಿರುವ ಬದನೆಗೆ.

ಹುಬ್ಬಳ್ಳಿಯಿಂದ, ಎಲೆಕ್ಟ್ರಿಷಿಯನ್

ಕರೆಂಟಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಗಿಡ ಒಂದು ದಿನ ನೀರಿಲ್ಲದೆ ತಾಳುತ್ತದೆ, ತುಂಬಿದ ತೊಟ್ಟಿಯ ಮೀನು ಗಾಳಿಯಿಲ್ಲದೆ ಕೆಲವೇ ಗಂಟೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಆದ್ದರಿಂದ ಬೇಸಿಗೆಯ ರಾತ್ರಿಯ ಕರೆಂಟ್ ಕಡಿತ ಅತ್ಯಂತ ಅಪಾಯದ್ದು. ನೀರೆತ್ತುವ ಪಂಪ್, ಗಾಳಿ ಪಂಪ್ ಎರಡನ್ನೂ ಬೇರೆಬೇರೆ ಇಡಿ. ಇನ್ವರ್ಟರಿಗೆ ಗಾಳಿ ಪಂಪ್ ಮಾತ್ರ ಸಾಕು. 35 ವಾಟಿನ ಪಂಪನ್ನು ಒಳ್ಳೆಯ ಸ್ಥಿತಿಯ ನೂರು ಆಂಪಿಯರ್ ಅವರ್ ಬ್ಯಾಟರಿ ಹತ್ತು ಗಂಟೆಗೂ ಹೆಚ್ಚು ಓಡಿಸುತ್ತದೆ. ಹೊರಗಿನ ಸಂಪರ್ಕಕ್ಕೆಲ್ಲ ಆರ್‌ಸಿಸಿಬಿ (ಕರೆಂಟು ಸೋರಿದರೆ ಕೂಡಲೇ ಕಡಿದುಹಾಕುವ ಸ್ವಿಚ್ಚು) ಹಾಕಿಸಿ, ಒದ್ದೆ ಕೈಯಲ್ಲಿ ಮುಟ್ಟುವ ಜಾಗ ಅದು.

ಪಂಪನ್ನು ಮೀನಿನ ತೊಟ್ಟಿಯಲ್ಲಿ ಇಡಬೇಡಿ. ಮಡಿಯಿಂದ ಇಳಿದ ನೀರು ಬಂದು ಸೇರುವಂತೆ ಕೆಳಗೆ ಬೇರೆ ಡ್ರಮ್ಮು ಹೂತು ಅದರಲ್ಲಿ ಇಡಿ. ಪೈಪು ಬಿಚ್ಚಿಕೊಂಡರೆ ಡ್ರಮ್ಮು ಖಾಲಿಯಾಗುತ್ತದೆ, ಮೀನಿನ ನೀರು ಹಾಗೇ ಉಳಿಯುತ್ತದೆ. ತೊಟ್ಟಿಯ ನೀರು ಗಂಟೆಗೊಮ್ಮೆ ಪೂರ್ತಿ ಸುತ್ತುವಂಥ ಪಂಪ್ ತೆಗೆದುಕೊಳ್ಳಿ. ಡಬ್ಬದ ಮೇಲೆ ಬರೆದ ಲೀಟರ್ ಸೊನ್ನೆ ಎತ್ತರದ್ದು, ನಿಮಗೆ ನಾಲ್ಕೈದು ಅಡಿ ಎತ್ತಬೇಕಲ್ಲ, ಆ ಎತ್ತರಕ್ಕೆ ಎಷ್ಟು ಎಂದು ಕೇಳಿ.

ತಿಪಟೂರಿನಿಂದ ಮತ್ತೆ

ಎಲ್ಲರಿಗೂ ನಮಸ್ಕಾರ. ಇಷ್ಟು ಬಿಡಿಸಿ ಹೇಳುತ್ತೀರೆಂದು ನಿರೀಕ್ಷಿಸಿರಲಿಲ್ಲ. ಕೋಯಿ ಗೆಂಡೆಯೇ ಎಂದು ಮನೆಯಲ್ಲಿ ತೀರ್ಮಾನವಾಯಿತು, ಸೊಸೆಯೂ ಒಪ್ಪಿದಳು. ಇಂದೇ ನವಸಾಗರ ವಿಚಾರಿಸುತ್ತೇನೆ. ಒಂದು ಪ್ರಶ್ನೆ ಉಳಿದಿದೆ. ಮಗಳ ಊರಿಗೆ ಒಂದು ವಾರ ಹೋಗಬೇಕಾದಾಗ ಮೀನಿಗೆ ಯಾರು ಊಟ ಹಾಕುವುದು?

ಮಂಗಳೂರಿನವರಿಂದ

ಯಾರೂ ಬೇಡ. ಬೆಳೆದ ಗೆಂಡೆ ವಾರ ಪೂರ್ತಿ ಉಪವಾಸವಿದ್ದರೂ ಏನೂ ಆಗುವುದಿಲ್ಲ, ತೊಟ್ಟಿಯ ಗೋಡೆಯ ಪಾಚಿಯನ್ನಾದರೂ ಕೆರೆದು ತಿನ್ನುತ್ತದೆ. ಮರಿಗಳಿನ್ನೂ ಬೆರಳುದ್ದವಿದ್ದರೆ ಮಾತ್ರ ದಿನದ ಪಾಲನ್ನು ಚಿಕ್ಕ ಪೊಟ್ಟಣಗಳಲ್ಲಿ ಕಟ್ಟಿ ನೆರೆಯವರಿಗೆ ಕೊಟ್ಟು, ಡಬ್ಬವನ್ನು ಬೀರುವಿನಲ್ಲಿಟ್ಟು ಹೋಗಿ. ಪ್ರೀತಿಯಿಂದ ಹೆಚ್ಚು ಹಾಕುವವರೇ ಹೆಚ್ಚು. ಹೊರಡುವ ಮುನ್ನ ಪಂಪಿರುವ ಡ್ರಮ್ಮು ತುಂಬಿಸಿ, ನೀರು ತಾನಾಗಿ ತುಂಬಲು ಫ್ಲೋಟ್ ವಾಲ್ವ್ ಹಾಕಿಸಿದ್ದರೆ ಇನ್ನೂ ಒಳ್ಳೆಯದು. ಗಾಳಿ ಪಂಪ್ ನಿಂತದ್ದು ಕಂಡರೆ ನಿಮಗೂ ನಿಮ್ಮ ಊರಿನ ಎಲೆಕ್ಟ್ರಿಷಿಯನ್‌ಗೂ ಕೂಡಲೇ ಫೋನ್ ಮಾಡುವಂತೆ ನೆರೆಯವರಿಗೆ ಹೇಳಿ, ಎರಡೂ ನಂಬರನ್ನು ಪಂಪಿನ ಪಕ್ಕದ ಗೋಡೆಯ ಮೇಲೆ ಬರೆದಿಡಿ.