ಅಪ್‌ಡೇಟ್: ಕೋರಸ್‌ನಲ್ಲಿ ಐದೂ ದನಿ ಈಗ ಬಿಡಿಬಿಡಿಯಾಗಿ ಕೇಳುತ್ತಿವೆ

ಕೇಳಿದ್ದ ಪ್ರಶ್ನೆ ಇದು: ನಿಧಾನಗತಿಯ ಪ್ರೇಮಗೀತೆ, ಐದು ಜನರ ತಂಡ, ಬಸವನಗುಡಿಯ ಮನೆಕೋಣೆಯಲ್ಲೇ ರೆಕಾರ್ಡಿಂಗ್, ಕೋರಸ್ ಬಂದೊಡನೆ ದನಿಗಳೆಲ್ಲ ಕಲಸಿ ಮಂಕಾಗುವುದೇಕೆ? ಸಲಹೆ ಕೊಟ್ಟವರಿಗೆಲ್ಲ ಧನ್ಯವಾದ, ಸಮಸ್ಯೆ ಬಗೆಹರಿದಿದೆ.

ಮುಖ್ಯ ಕಾರಣ ಮೈಕಿನ ಅಂತರ. ಕಾರ್ಡಿಯಾಯ್ಡ್ ಮೈಕಿಗೆ (ಮುಖ್ಯವಾಗಿ ಎದುರಿನ ದನಿಯನ್ನೇ ಹಿಡಿಯುವ ಮೈಕು) ಬಾಯಿ ಹತ್ತಿರವಾದಷ್ಟೂ ಮಂದ್ರ ಉಬ್ಬುತ್ತದೆ. ಒಂದು ದನಿಗೆ ಅದು ಹಿತ; ಹಾರ್ಮನಿಯ (ಮುಖ್ಯ ದನಿಗೆ ಬೇರೆ ಸ್ವರದಲ್ಲಿ ಜೊತೆಗೂಡುವ) ನಾಲ್ವರು ತಲಾ ಎರಡು ಟೇಕ್ ಹಾಡಿ ಎಂಟು ಟ್ರ್ಯಾಕ್ ಸೇರಿದರೆ ಕೆಸರು. ಲೀಡ್‌ಗೆ (ಮುಖ್ಯ ದನಿಗೆ) 15 ಸೆಂ.ಮೀ. ಉಳಿಸಿ, ಉಳಿದವರನ್ನು 40 ಸೆಂ.ಮೀ. ದೂರ ನಿಲ್ಲಿಸಿದ್ದೇ ಅರ್ಧ ಕೆಲಸ ಮುಗಿಸಿತು. ಹಾರ್ಮನಿಯಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದು ಕಟ್ (ಗಂಡುದನಿಯ ಕೆಳಪಾಲಿಗೆ 80), 300ರ ಸುತ್ತ 3 ಡೆಸಿಬಲ್ ಇಳಿಕೆ. ಬೀದಿಯ ಬಸ್ಸಿನ ಗುಡುಗೂ ಬಹುಪಾಲು ಅದರಲ್ಲೇ ಹೋಯಿತು.

ಶ್ರುತಿಯ ವಿಷಯ ಇನ್ನೂ ಸ್ವಾರಸ್ಯಕರ. ತಂಬೂರಿಗೆ ಪಳಗಿದ ಕಿವಿ ಅಂತರ ಗಾಂಧಾರವನ್ನು (ಮೇಲಿನ ‘ಗ’ ಸ್ವರ) ಕೀಬೋರ್ಡಿಗಿಂತ ಸುಮಾರು 14 ಸೆಂಟ್ಸ್ (ಕೀಬೋರ್ಡಿನ ಅಕ್ಕಪಕ್ಕದ ಎರಡು ಸ್ವರಗಳ ನಡುವೆ 100 ಸೆಂಟ್ಸ್) ಕೆಳಗೆ ಹಿಡಿಯುತ್ತದೆ. ಹೆಡ್‌ಫೋನಿನಲ್ಲಿ ಕೀಬೋರ್ಡ್ ಜೋರಾಗಿದ್ದರೆ ಹಾಡುವವರು ಎರಡರ ನಡುವೆ ತೂಗಾಡುತ್ತಾರೆ. ಹಾರ್ಮನಿ ಟೇಕ್‌ನಲ್ಲಿ ಅದನ್ನು ತೆಗೆದು ಬೇಸ್ ಮತ್ತು ಲೀಡ್ ಮಾತ್ರ ಕೇಳಿಸಿ, ಸ್ವರ ಥಟ್ಟನೆ ಕೂಡುತ್ತದೆ.

‘ಸ’, ‘ಚ’, ‘ಟ’ಗಳನ್ನು ಲೀಡ್ ಮಾತ್ರ ಸ್ಪಷ್ಟವಾಗಿ ಹಾಡಲಿ, ಉಳಿದವರು ಸವರಿಬಿಡಲಿ. ಇಲ್ಲದಿದ್ದರೆ ಒಂದೇ ‘ಸ’ ಐದು ಸಲ ಸಿಡಿಯುತ್ತದೆ, ಡಿ-ಎಸ್ಸರ್ (‘ಸ’ಕಾರದ ಸೀಟಿಯನ್ನು ತಗ್ಗಿಸುವ ಸಾಧನ) ಹಾಕಿದರೂ ಅದು ಹೋಗುವುದಿಲ್ಲ.