ಗುಲ್ಮಾರ್ಗ್: ಗಾಳಿ ದಿನ ಹೊಸ ಹಿಮದಲ್ಲಿ ಸ್ಕೀ ಮುಳುಗುತ್ತದೆ. ತಪ್ಪು ಸ್ಕೀಯದ್ದಾ, ನನ್ನದಾ?

ಪೆರ್ಲದವ:
ನಮಸ್ಕಾರ ಎಲ್ಲರಿಗೂ. ಊರು ಪೆರ್ಲ. ಹಿಮ ಅಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವುದು ಅಂತಷ್ಟೇ ಗೊತ್ತಿದ್ದ ಮನೆಯವನು. ಆದರೂ ಹುಚ್ಚು ಹಿಡಿದು ಮೂರು ಚಳಿಗಾಲದಿಂದ ಗುಲ್ಮಾರ್ಗಿಗೆ ಹೋಗುತ್ತಿದ್ದೇನೆ. ಯಂತ್ರ ಓಡಿಸಿ ಗಟ್ಟಿ ಮಾಡಿದ ಇಳಿಜಾರಿನಲ್ಲಿ ನನಗೆ ತೊಂದರೆ ಇಲ್ಲ.

ಕಳೆದ ವಾರ ರಾತ್ರಿ ಇಡೀ ಹಿಮ ಬಿತ್ತು. ಬೆಳಿಗ್ಗೆ ನೋಡಿದರೆ ಮೊಣಕಾಲಿನವರೆಗೆ ಪೌಡರ್, ಅಂದರೆ ಹೊಸದಾಗಿ ಬಿದ್ದ ಸಡಿಲ ಹಿಮ. ಆದರೆ ಗಾಳಿಯೂ ಜೋರು. ಅಫರ್ವಾಟ್ ಬೆಟ್ಟಕ್ಕೆ ಹೋಗುವ ಎರಡನೇ ಹಂತದ ಗೊಂಡೊಲ (ಕೇಬಲ್ ಕಾರ್) ಬಂದ್. ಮೊದಲ ಹಂತದಲ್ಲಿ ನಡುವಿನ ನಿಲ್ದಾಣ ಕೊಂಗ್ಡೂರಿವರೆಗೆ ಹೋಗಿ ಅಲ್ಲಿಂದ ಇಳಿದೆ. ಇಳಿದೆ ಅನ್ನುವುದಕ್ಕಿಂತ ಬಿದ್ದೆ ಅನ್ನುವುದೇ ಸರಿ.

ಸ್ಕೀಯ ಮೂತಿ ಹಿಮದೊಳಗೆ ನುಗ್ಗುತ್ತದೆ, ನಾನು ತಲೆಕೆಳಗಾಗುತ್ತೇನೆ. ಜೊತೆಗಿದ್ದ ಗೈಡ್ "ಹಿಂದಕ್ಕೆ ಕೂತುಕೊಳ್ಳಿ" ಅಂದರು. ಕೂತೆ. ಹತ್ತು ನಿಮಿಷದಲ್ಲಿ ತೊಡೆ ಉರಿಯಲು ಶುರು, ಸ್ಕೀ ತಿರುಗುವುದೇ ಇಲ್ಲ. ಒಂದು ಸಲ ಬಿದ್ದಾಗ ಒಂದು ಸ್ಕೀ ಕಳಚಿ ಮಾಯವಾಯಿತು. ಅರ್ಧ ಗಂಟೆ ಹುಡುಕಿದೆ. ಸಿಕ್ಕಿದ ಮೇಲೆ ಬೂಟು ಬೈಂಡಿಂಗಿನಲ್ಲಿ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ) ಕೂರುವುದಿಲ್ಲ. ಇದರ ಮೇಲೆ ಗಾಗಲ್ಸ್ ಒಳಗೆ ಆವಿ ಕಟ್ಟಿ ಕುರುಡನ ಹಾಗೆ ಆದೆ.

ಇಡೀ ದಿನದಲ್ಲಿ ಒಂದೇ ಕಡೆ ಖುಷಿಯಾಯಿತು. ಹಗ್ಗ ಕಟ್ಟಿದ್ದರ ಆಚೆ ಒಂದು ದಿಣ್ಣೆ, ಅದರ ಮರೆಯಲ್ಲಿ ಹಿಮ ನುಣ್ಣಗೆ, ಸ್ವಲ್ಪ ಗಟ್ಟಿ. ಸ್ಕೀ ಮುಳುಗಲೇ ಇಲ್ಲ. ನಿಂತಾಗ ಅಡಿಯಿಂದ "ಗುಂಫ್" ಅಂತ ಶಬ್ದ ಬಂತು, ತಮಾಷೆ ಅನ್ನಿಸಿತು. ಅಂಥ ಹಿಮ ಹುಡುಕುವುದು ಹೇಗೆ?

ನೀರ್ಚಾಲು ಮಾಣಿ:
ಸ್ಕೀಯ ಅಳತೆ ಹೇಳಿ ಮಾರಾಯ್ರೆ. ಉದ್ದ ಅಲ್ಲ, ನಡುವಿನ ಅಗಲ. ಸ್ಕೀಯ ಮೇಲೆ ಬರೆದಿರುತ್ತದೆ.

ಪೆರ್ಲದವ:
ಬಾಡಿಗೆಯದ್ದು. ಫೋಟೋ ತೆಗೆದಿದ್ದೆ, ಈಗ ನೋಡಿದೆ. 74 ಮಿಲಿಮೀಟರ್.

ನೀರ್ಚಾಲು ಮಾಣಿ:
ಅರ್ಧ ಉತ್ತರ ಅಲ್ಲೇ ಉಂಟು. 70-80 ಮಿ.ಮೀ. ಸ್ಕೀ ಗಟ್ಟಿ ನೆಲಕ್ಕೆ. ಮೊಣಕಾಲು ಆಳದ ಪೌಡರಿಗೆ ನಡು 100 ಮಿ.ಮೀ. ಅಥವಾ ಮೇಲೆ ಇರಬೇಕು, ಮೂತಿ ದೋಣಿಯ ಹಾಗೆ ಮೊದಲೇ ಮೇಲಕ್ಕೆ ಬಾಗಿರಬೇಕು. ಅದಕ್ಕೆ ರಾಕರ್ ಅನ್ನುತ್ತಾರೆ. ಗುಲ್ಮಾರ್ಗಿನಲ್ಲಿ ಅಂಥದ್ದು ಬಾಡಿಗೆಗೆ ಸಿಗುತ್ತದೆ, ಕೇಳಿ ತೆಗೆದುಕೊಳ್ಳಬೇಕು. ಕೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ.

ಮಂಜೇಶ್ವರ ಮೀನು:
ಸುಮ್ನೆ ಸ್ಕೀಯನ್ನು ದೂರಬೇಡಿ. ನಾನು ಸಪೂರ ಸ್ಕೀಯಲ್ಲೇ ಪೌಡರ್ ಕಲಿತದ್ದು. ಹಿಂದಕ್ಕೆ ಕೂತರೆ ಮೂತಿ ಮೇಲೆ ಬರುತ್ತದೆ. ಗೈಡ್ ಹೇಳಿದ್ದು ಸರಿ.

ಬೇಕಲದ ಬುಲೆಟ್:
ಪೂರ್ತಿ ಸರಿ ಅಲ್ಲ. ಬೇಕಲದ ಒಣ ಮರಳಿನಲ್ಲಿ ಬೈಕ್ ಓಡಿಸಿದವರಿಗೆ ಇದು ಗೊತ್ತಾಗುತ್ತದೆ. ಹೆದರಿ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಹೂತು ಬೀಳುತ್ತೀರಿ. ಹಾಗಂತ ಕ್ಯಾರಿಯರ್ ಮೇಲೆ ಹೋಗಿ ಕೂತರೆ ಹ್ಯಾಂಡಲ್ ಮಾತು ಕೇಳುತ್ತದಾ? ಮಧ್ಯದಲ್ಲೇ ಇರಬೇಕು, ವೇಗ ಬಿಡಬಾರದು. ಪೌಡರಿನಲ್ಲೂ ಹಾಗೆಯೇ. ಮೇಲೆ ತೇಲಿಸುವುದು ವೇಗ, ನಿಮ್ಮ ಕುಂಡೆ ಅಲ್ಲ.

ಗಟ್ಟಿ ನೆಲದಲ್ಲಿ ತಿರುವಿನ ಹೊರಬದಿಯ ಸ್ಕೀಯ ಮೇಲೆ ಭಾರ ಹಾಕಿ ಅಭ್ಯಾಸ ಆಗಿರುತ್ತದೆ. ಇಲ್ಲಿ ಹಾಗೆ ಮಾಡಿದರೆ ಆ ಸ್ಕೀ ಮುಳುಗುತ್ತದೆ, ಇನ್ನೊಂದು ತೇಲುತ್ತದೆ, ಕಾಲು ಎರಡು ದಾರಿ ಹಿಡಿಯುತ್ತದೆ. ಎರಡರ ಮೇಲೂ ಸಮ ಭಾರ ಹಾಕಿ. ಪಾದ ಹತ್ತಿರ ಇರಲಿ, ಎರಡೂ ಸೇರಿ ಒಂದೇ ಹಲಗೆ ಅಂದುಕೊಳ್ಳಿ. ತಿರುವು ಮುಗಿಯುವಾಗ ಮೊಣಕಾಲು ಬಗ್ಗಿಸಿ ಒತ್ತಿ, ಹಿಮವೇ ನಿಮ್ಮನ್ನು ಮೇಲೆ ಎತ್ತುತ್ತದೆ. ಆ ಹಗುರ ಗಳಿಗೆಯಲ್ಲಿ ಮುಂದಿನ ತಿರುವು. ಚಿಕ್ಕಂದಿನಲ್ಲಿ ಯಕ್ಷಗಾನದ ಹೆಜ್ಜೆ ಕಲಿತಿದ್ದರೆ ಅರ್ಧ ಕೆಲಸ ಆಗಿದೆ, ಧೀಂಗಿಣ ಬೇಡ ಅಷ್ಟೇ.

ಹೊಸದುರ್ಗದ ಹಿರಿಯ:
ಎಲ್ಲರೂ ಸ್ಕೀಯ ಅಗಲ ಅಳೆಯುತ್ತಿದ್ದೀರಿ. ಇವರ ಕೊನೆಯ ಸಾಲುಗಳನ್ನು ಯಾರೂ ಓದಲಿಲ್ಲವಾ?

ಪೆರ್ಲದವರೇ, ನಿಮಗೆ ಖುಷಿ ಕೊಟ್ಟ ಆ ಜಾಗವೇ ಆ ದಿನದ ಅತ್ಯಂತ ಕೆಟ್ಟ ಜಾಗ. ಬಿದ್ದದ್ದು, ಸ್ಕೀ ಕಳೆದದ್ದು ಎಲ್ಲ ನಗುವ ವಿಷಯ. ಆ "ಗುಂಫ್" ನಗುವ ವಿಷಯ ಅಲ್ಲ.

ಅಂಗಳದಲ್ಲಿ ಭತ್ತ ತೂರುವುದನ್ನು ನೋಡಿದ್ದೀರಲ್ಲ? ಹೊಟ್ಟು ಗಾಳಿಯ ಜೊತೆ ಹಾರಿ ಎಲ್ಲಿ ಮರೆ ಸಿಗುತ್ತದೋ ಅಲ್ಲಿ ರಾಶಿ ಬೀಳುತ್ತದೆ. ಹಿಮವೂ ಅಷ್ಟೇ. ದಿಣ್ಣೆಯ ಒಂದು ಬದಿಯಿಂದ ಗಾಳಿ ಹಿಮವನ್ನು ಗುಡಿಸಿ ಮರೆಯ ಬದಿಗೆ ತಂದು ಹಾಕುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಎಷ್ಟೋ ಪಟ್ಟು ಬೇಗ. ಹಾರುವಾಗ ಹಿಮದ ನಕ್ಷತ್ರದಂಥ ಹರಳುಗಳ ತೋಳು ಮುರಿದು ಪುಡಿಯಾಗುತ್ತವೆ. ಪುಡಿ ಒತ್ತೊತ್ತಾಗಿ ಕೂತು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಿಮಗೆ ನುಣ್ಣಗೆ ಗಟ್ಟಿಯಾಗಿ ಕಂಡದ್ದು ಅದು. ಅದಕ್ಕೆ ಹೆಸರೇ ಸ್ಲ್ಯಾಬ್, ನಮ್ಮ ಟೆರೇಸಿನದ್ದರ ಹಾಗೆ. ಆದರೆ ಅಡಿಯಲ್ಲಿ ಕಂಬ ಇಲ್ಲ, ಸಡಿಲ ಹಿಮ ಇರುತ್ತದೆ. ಗೋಟಡಿಕೆಯ ರಾಶಿಯ ಮೇಲೆ ಹಲಗೆ ಇಟ್ಟು ನಿಂತ ಹಾಗೆ, ಅದೂ ಇಳಿಜಾರಿನಲ್ಲಿ. ನೀವು ಕೇಳಿದ ಶಬ್ದ ಆ ಸಡಿಲ ಪದರ ಕುಸಿದದ್ದು. ಇಳಿಜಾರು ಇನ್ನೂ ಸ್ವಲ್ಪ ಕಡಿದಾಗಿದ್ದರೆ ಹಲಗೆ ಜಾರುತ್ತಿತ್ತು, ನಿಮ್ಮನ್ನೂ ಕರೆದುಕೊಂಡು. ಇಂಥ ಹಿಮಕುಸಿತ ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲೇ ಆಗುತ್ತದೆ. ಸ್ಕೀ ಮಾಡಲು ಮಜಾ ಬರುವುದೂ ಅಲ್ಲೇ, ಅದೇ ಕಷ್ಟ.

2023ರ ಫೆಬ್ರವರಿ 1ರಂದು ಇದೇ ಅಫರ್ವಾಟ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಗಾರರು ಸತ್ತರು. ಹಗ್ಗದ ಒಳಗೆ ಗಸ್ತಿನವರು ನೋಡಿಕೊಳ್ಳುತ್ತಾರೆ. ಆಚೆ ಹೋದರೆ ನಿಮ್ಮ ಜೀವ ನಿಮ್ಮ ಕೈಯಲ್ಲಿ. ಬೀಕನ್ (ಹೂತವರನ್ನು ಪತ್ತೆ ಮಾಡುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಇರಬೇಕು, ಜೊತೆಗಾರನಿಗೂ ಇರಬೇಕು. ಹೂತವರು ಬದುಕುವ ಸಾಧ್ಯತೆ ಕಾಲು ಗಂಟೆಯ ಒಳಗೇ ತುಂಬ ಇಳಿದುಬಿಡುತ್ತದೆ. ಪೇಟೆಯಿಂದ ಯಾರೋ ಬರುವವರೆಗೆ ಕಾಯಲು ಆಗುವುದಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಅಂಥ ಹಿಮ ಹುಡುಕಬೇಡಿ. ಗಾಳಿ ದಿನ ಒಳ್ಳೆಯ ಪೌಡರ್ ಇರುವುದು ಕೊಂಗ್ಡೂರಿಯ ಕೆಳಗೆ, ಮರಗಳ ನಡುವೆ. ಅಲ್ಲಿ ಗಾಳಿ ಹಿಮವನ್ನು ಕೆಡಿಸಿರುವುದಿಲ್ಲ, ಕಣ್ಣಿಗೆ ಗುರುತು ಹಿಡಿಯಲು ಕಾಂಡಗಳೂ ಇರುತ್ತವೆ. ಮರದ ಬುಡಕ್ಕೆ ಮಾತ್ರ ಹತ್ತಿರ ಹೋಗಬೇಡಿ. ಕೆಳಗಿನ ಕೊಂಬೆಯ ಅಡಿಯಲ್ಲಿ ಹೊಂಡ ಇರುತ್ತದೆ. ತಲೆಕೆಳಗಾಗಿ ಬಿದ್ದರೆ ಒಬ್ಬರೇ ಎದ್ದು ಬರುವುದು ಕಷ್ಟ.

ಪೆರ್ಲದವ:
ಓದಿ ಕೈಕಾಲು ತಣ್ಣಗಾಯಿತು. ಹಗ್ಗದಾಚೆ ನಾನು ಒಬ್ಬನೇ ಹೋಗಿದ್ದೆ. ಗೈಡ್ ಆಗ ಚಹಾ ಕುಡಿಯುತ್ತಿದ್ದರು.

ನೀರ್ಚಾಲು ಮಾಣಿ:
ಇನ್ನು ಮೇಲೆ ನೀವೂ ಚಹಾ ಕುಡಿಯಿರಿ.

ಕಳೆದ ಸ್ಕೀಯ ವಿಷಯ. ಎಲ್ಲರೂ ತಾವು ಬಂದು ನಿಂತ ಜಾಗದಲ್ಲಿ ಹುಡುಕುತ್ತಾರೆ. ಸ್ಕೀ ಹೆಚ್ಚಾಗಿ ಅದಕ್ಕಿಂತ ಮೇಲೆ, ಕಳಚಿದ ಜಾಗದಲ್ಲೇ ಹಿಮದ ಅಡಿ ಇರುತ್ತದೆ. ಅಲ್ಲಿಂದ ಶುರು ಮಾಡಿ ಇನ್ನೊಂದು ಸ್ಕೀಯ ಬಾಲದಿಂದ ಅಡ್ಡಡ್ಡ ಸೀಳುತ್ತಾ ಬನ್ನಿ. ಮುಂದಿನ ಸಲ ಬೈಂಡಿಂಗಿಗೆ ಒಂದೆರಡು ಮೀಟರ್ ಗಾಢ ಬಣ್ಣದ ರಿಬ್ಬನ್ ಕಟ್ಟಿ ಪ್ಯಾಂಟಿನ ಒಳಗೆ ತುರುಕಿ. ಬೂಟು ಕೂರದಿರುವುದಕ್ಕೆ ಕಾರಣ ಅಡಿಯಲ್ಲಿ ಮೆತ್ತಿದ ಹಿಮ. ಕೋಲಿನಿಂದ ಕೆರೆದು ತೆಗೆಯಿರಿ. ಮೊದಲು ಹಿಮ ತುಳಿದು ಜಾಗ ಮಾಡಿಕೊಂಡು ಸ್ಕೀಯನ್ನು ಇಳಿಜಾರಿಗೆ ಅಡ್ಡ ಇಡಿ. ಕೆಳಗಿನ ಕಾಲು ಮೊದಲು.

ಪೆರ್ಲದವ (ಹನ್ನೆರಡು ದಿನ ಬಿಟ್ಟು):
ಮತ್ತೆ ಹೋಗಿ ಬಂದೆ. ಮನೆಯಲ್ಲಿ ಎಂತ ಹೇಳಿದೆ ಅಂತ ಕೇಳಬೇಡಿ.

104 ಮಿ.ಮೀ. ಸ್ಕೀ ಸಿಕ್ಕಿತು. ರಾತ್ರಿ ಸ್ವಲ್ಪ ಹಿಮ, ಬೆಳಿಗ್ಗೆ ಮತ್ತೆ ಗಾಳಿ. ಮೊದಲ ಇಳಿತದಲ್ಲಿ ನಾಲ್ಕು ಸಲ ಬಿದ್ದೆ. ಎರಡನೆಯದರಲ್ಲಿ ಒಂದೇ ಸಲ. ಹೆದರಿಕೆಯಾದಾಗ ಈಗಲೂ ಹಿಂದಕ್ಕೆ ಕೂರುತ್ತೇನೆ, ಕೂತ ಕೂಡಲೇ ತೊಡೆ ಹೇಳಿಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಮರಗಳ ನಡುವೆ ಐದಾರು ತಿರುವು ಒಂದೇ ಲಯದಲ್ಲಿ ಬಂತು. ಆಗ ಸ್ಕೀಯ ಸದ್ದೇ ಇಲ್ಲ ಮಾರಾಯ್ರೆ. ರಿಬ್ಬನ್ ಬದಲು ಅಮ್ಮನ ಹಳೆ ಸೀರೆಯ ಕೆಂಪು ಅಂಚು ಕಟ್ಟಿದ್ದೆ. ಕಳಚಿದ ಸ್ಕೀ ಎರಡೇ ನಿಮಿಷದಲ್ಲಿ ಸಿಕ್ಕಿತು, ಹೌದು, ಮೇಲೆಯೇ ಇತ್ತು.

ಆ ದಿಣ್ಣೆಯನ್ನು ಹಗ್ಗದ ಈಚೆಯಿಂದ ನೋಡಿದೆ. ಬಿರುಕಿಲ್ಲ, ಏನಿಲ್ಲ. ಅಷ್ಟೇ ನುಣ್ಣಗೆ, ಅಷ್ಟೇ ಚೆಂದ. ಇಬ್ಬರು ನಗುತ್ತಾ ಅಲ್ಲಿ ಇಳಿಯುತ್ತಿದ್ದರು, ಬೆನ್ನಿನಲ್ಲಿ ಪ್ರೋಬ್, ಸಲಿಕೆ ಇಡುವ ಚೀಲವೂ ಇರಲಿಲ್ಲ. ಅವರು ಕೆಳಗೆ ತಲುಪುವವರೆಗೆ ಉಸಿರು ಬಿಗಿಹಿಡಿದು ನಿಂತಿದ್ದೆ.

ಗಾಗಲ್ಸ್ ಮಾತ್ರ ಇನ್ನೂ ಆವಿ ಕಟ್ಟುತ್ತದೆ. ಮೂಗಿನ ಮೇಲಿನ ಬಟ್ಟೆ ಕೆಳಗಿಳಿಸಿದೆ, ಹಣೆಗೆ ಏರಿಸುವುದು ಬಿಟ್ಟೆ. ಆದರೂ ಒಳಗೆ ಕನ್ನಡಕ ಪೂರ್ತಿ ಬೆಳ್ಳಗೆ.

ಬೇಕಲದ ಬುಲೆಟ್:
ಒಳಗೆ ಕನ್ನಡಕ ಉಂಟಾ! ಅದನ್ನು ಮೊದಲೇ ಹೇಳಬೇಕಲ್ವಾ? ಲೆನ್ಸ್ ಹಾಕಿಕೊಳ್ಳಿ, ಇಲ್ಲದಿದ್ದರೆ ಕನ್ನಡಕದ ಮೇಲೆಯೇ ಹಾಕುವಂಥ ದೊಡ್ಡ ಗಾಗಲ್ಸ್ ಬರುತ್ತದೆ, ಒಳಗೆ ಗಾಳಿ ಆಡುತ್ತದೆ. ಹೊಸ ಚರ್ಚೆ ಶುರು ಮಾಡಿ, ಕನ್ನಡಕದವರು ಇಲ್ಲಿ ತುಂಬ ಜನ ಇದ್ದೇವೆ.